ಹರಿಣಾಕ್ಷಿಯ ನೂರು ಬಂಗುಡೆ

ಕಾಪು ಪೇಟೆಯ ಮೀನು ಮಾರ್ಕೆಟ್ಟಿನಲ್ಲಿ ಎಡಗಡೆಯ ಎರಡನೆಯ ಕಟ್ಟೆ ಎರ್ಮಾಳಿನ ಹರಿಣಾಕ್ಷಿಯದು. ಅವರಿಗೆ ಈಗ ಐವತ್ತಾರು ವರ್ಷ. ಬುಟ್ಟಿಯನ್ನು ಮುಟ್ಟದೆ, ನೋಡಿಯೇ ಅದರಲ್ಲಿ ಎಷ್ಟು ಮೀನಿದೆ ಎಂದು ತಿಳಿಯುವುದು ಅವರ ಕಸುಬಿನ ಮೊದಲ ಪಾಠ. ಬಂದರಿನ ಏಲಂನಲ್ಲಿ ಹರಾಜಿನ ಕೂಗು ಮುಗಿಯುವುದರೊಳಗೆ ಅಷ್ಟು ತಿಳಿಯದವರು ಈ ವ್ಯಾಪಾರದಲ್ಲಿ ಒಂದು ತಿಂಗಳು ಉಳಿಯುವುದಿಲ್ಲ. ಹರಿಣಾಕ್ಷಿ ಮೂವತ್ತೆಂಟು ವರ್ಷ ಉಳಿದಿದ್ದಾರೆ. ಆದರೂ ಊರಿನಲ್ಲಿ ಅವರ ಹೆಸರು ಹರಡಿದ್ದು ಒಂದು ತಪ್ಪು ಲೆಕ್ಕದಿಂದ.

1994ರಲ್ಲಿ ಟಿವಿಯಲ್ಲಿ ಭಾನುವಾರ ಸಂಜೆ ‘ಕಣ್ಣಳತೆ’ ಎಂಬ ಆಟ ಬರುತ್ತಿತ್ತು. ಒಂದು ಮೇಜು, ಮೇಜಿನ ಮೇಲೆ ಒಂದು ವಸ್ತು. ಒಮ್ಮೆ ಕುಂಬಳಕಾಯಿ, ಒಮ್ಮೆ ಒಂದು ಚೀಲ ಹುಣಿಸೆಹಣ್ಣು, ಒಮ್ಮೆ ಬಟ್ಟಲು ತುಂಬ ಕಡಲೆ. ಇಬ್ಬರು ಸ್ಪರ್ಧಿಗಳು ಒಂದು ನಿಮಿಷ ನೋಡಿ, ತೂಕವನ್ನೋ ಸಂಖ್ಯೆಯನ್ನೋ ಸ್ಲೇಟಿನಲ್ಲಿ ಬರೆಯಬೇಕು. ಸರಿಯಾದ ಉತ್ತರಕ್ಕೆ ಹತ್ತಿರವಿದ್ದವರು ಗೆದ್ದಂತೆ. ಕರಾವಳಿಯಿಂದ ಆಯ್ಕೆಯಾದ ಹರಿಣಾಕ್ಷಿಯ ಮುಂದೆ ಒಂದು ಬುಟ್ಟಿ ಬಂಗುಡೆ ಇಟ್ಟರು. ಎದುರಾಳಿ ಹುಬ್ಬಳ್ಳಿಯ ವಕೀಲರು, ಶುದ್ಧ ಸಸ್ಯಾಹಾರಿ. ಹರಿಣಾಕ್ಷಿ ನೂರು ಎಂದು ಬರೆದರು. ವಕೀಲರು ನೂರ ಆರು ಎಂದು ಬರೆದರು. ಎಣಿಸಿದಾಗ ಇದ್ದದ್ದು ನೂರ ನಾಲ್ಕು. ಮೀನು ತಿನ್ನದ ವಕೀಲರು ಗೆದ್ದರು.

ಅಂದಿನಿಂದ ಕಾಪು ಪೇಟೆ ಇದನ್ನು ಬಿಟ್ಟಿಲ್ಲ. ಮಾರ್ಕೆಟ್ಟಿನ ಎದುರು ರಿಕ್ಷಾ ನಿಲ್ಲಿಸುವ ದೇವದಾಸ ಮೀನು ಕೊಳ್ಳಲು ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಾನೆ.

“ಹತ್ತು ಬೂತಾಯಿ ಕೊಡಿ ಅಕ್ಕ. ಕೈಯಲ್ಲಿ ಎಣಿಸಿ ಕೊಡಿ, ಕಣ್ಣಲ್ಲಿ ಬೇಡ.”

“ನಿನಗೆ ಎಂತದಕ್ಕೆ ಹತ್ತು? ಒಂಬತ್ತು ಕೊಟ್ಟರೂ ನಿನಗೆ ಗೊತ್ತಾಗಲಿಕ್ಕಿಲ್ಲ,” ಎನ್ನುತ್ತಾರೆ ಹರಿಣಾಕ್ಷಿ. ಉತ್ತರ ಸಿದ್ಧವಾಗಿಯೇ ಇರುತ್ತದೆ. ಆದರೆ ಅದನ್ನು ಹೇಳುವಾಗ ಅವರು ನಗುವುದಿಲ್ಲ.

ಈ ವರ್ಷ ‘ಕಣ್ಣಳತೆ’ ಹೊಸ ರೂಪದಲ್ಲಿ ಮತ್ತೆ ಶುರುವಾಯಿತು. ಮಣಿಪಾಲದಲ್ಲಿ ನಾವು ಕೆಲವು ನಿವೃತ್ತ ಅಧ್ಯಾಪಕರು ಒಂದು ಚಿಕ್ಕ ಪತ್ರಿಕೆ ನಡೆಸುತ್ತೇವೆ. ಅದಕ್ಕಾಗಿ ನೋಡುಗರ ಅಭಿಪ್ರಾಯ ಸಂಗ್ರಹಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಲಿಸುತ್ತಿದ್ದದ್ದು ಸಂಖ್ಯಾಶಾಸ್ತ್ರ. ಉಡುಪಿ, ಕಾರ್ಕಳ, ಕಾಪು ಸುತ್ತಿ ಅರವತ್ತು ಜನರನ್ನು ಕೇಳಿದೆ. ಹಳೆಯದು ಒಳ್ಳೆಯದು ಎಂದವರು ಮೂವತ್ತೇಳು. ಆದರೆ ಅವರಲ್ಲಿ ಹದಿನಾಲ್ಕು ಮಂದಿಗೆ ಹಳೆಯದರ ಒಂದು ಕಂತೂ ಸರಿಯಾಗಿ ನೆನಪಿರಲಿಲ್ಲ. ಕಾರ್ಕಳದಲ್ಲಿ ಬೇಕರಿ ಇಟ್ಟಿರುವ ಎಡ್ವಿನ್, “ಮೊದಲು ಕುಂಬಳಕಾಯಿ ನೋಡಲಿಕ್ಕೆ ಬಿಡುತ್ತಿದ್ದರು. ಈಗ ಕುಂಬಳಕಾಯಿ ಒಂದು ನಿಮಿಷ, ಸ್ಪರ್ಧಿಯ ಅಮ್ಮ ಅಳುವುದು ಹತ್ತು ನಿಮಿಷ,” ಎಂದರು. ನರ್ಸಿಂಗ್ ಓದುವ ಭವ್ಯಶ್ರೀಗೆ ಹೊಸದೇ ಇಷ್ಟ. ಮೊಬೈಲಿನಲ್ಲಿ ತಾನೂ ಉತ್ತರ ಕಳುಹಿಸಬಹುದಂತೆ. ಈವರೆಗೆ ಒಂದೂ ಸರಿಯಾಗಿಲ್ಲ ಎಂದೂ ಅವಳೇ ಹೇಳಿದಳು.

ಹರಿಣಾಕ್ಷಿ ಮಾತ್ರ ಅಭಿಪ್ರಾಯ ಹೇಳಲಿಲ್ಲ.

“ನನ್ನ ಹತ್ತಿರ ಅದನ್ನು ಕೇಳಬೇಡಿ ಟೀಚರೇ. ನನ್ನ ಕಣ್ಣು ಅವತ್ತು ತಪ್ಪಿದ್ದಲ್ಲ. ಅದು ನೂರೇ.”

“ನೂರ ನಾಲ್ಕು ಎಂದು ಎಣಿಸಿದರಲ್ಲ?”

“ಎಣಿಸಿದರು. ನಾನೂ ನೋಡಿದೆ. ಆದರೂ ಅದು ನೂರೇ. ಹೇಗೆ ಎಂದು ಕೇಳಿದರೆ ನನಗೆ ಹೇಳಲಿಕ್ಕೆ ಬರುವುದಿಲ್ಲ.”

ಈ ಉತ್ತರ ನನಗೆ ವಿಚಿತ್ರವಾಗಿ ಕಂಡಿತು. ಎಣಿಕೆಯನ್ನೂ ಒಪ್ಪುತ್ತಾರೆ, ತಮ್ಮ ಉತ್ತರವನ್ನೂ ಬಿಡುವುದಿಲ್ಲ. ಹಠಮಾರಿಗಳು ಸಾಮಾನ್ಯವಾಗಿ ಎಣಿಕೆಯನ್ನೇ ಅಲ್ಲಗಳೆಯುತ್ತಾರೆ. ಪರೀಕ್ಷಿಸೋಣವೇ ಎಂದು ಕೇಳಿದೆ. ಒಪ್ಪಿದರು.

ಮೂರು ವಾರ ಬೆಳಿಗ್ಗೆ ಕಾಪುವಿಗೆ ಹೋದೆ. ಬುಟ್ಟಿ ಕಟ್ಟೆಗೆ ಬಂದ ಕೂಡಲೇ ಅವರು ಒಂದು ಸಂಖ್ಯೆ ಹೇಳುವುದು, ನಾನು ಒಂದೊಂದೇ ಮೀನು ಎಣಿಸುವುದು. ಅವರು ಐವತ್ತು ಎಂದ ಬುಟ್ಟಿಯಲ್ಲಿ ಐವತ್ತೆರಡಿತ್ತು. ಎಪ್ಪತ್ತೈದು ಎಂದದ್ದರಲ್ಲಿ ಎಪ್ಪತ್ತೆಂಟು. ಹೀಗೆ ಮೂವತ್ತು ಬುಟ್ಟಿ ಮುಗಿದಾಗ ಪಟ್ಟಿಯನ್ನು ನೋಡಿ ಕೂತುಬಿಟ್ಟೆ. ಅಂದಾಜು ಎಂದರೆ ಕೆಲವೊಮ್ಮೆ ಮೇಲೆ, ಕೆಲವೊಮ್ಮೆ ಕೆಳಗೆ ಹೋಗಬೇಕು. ಇವರದು ಒಮ್ಮೆಯೂ ಮೇಲೆ ಹೋಗಿರಲಿಲ್ಲ. ಯಾವಾಗಲೂ ಕಡಿಮೆ, ಹೆಚ್ಚುಕಡಿಮೆ ನೂರಕ್ಕೆ ನಾಲ್ಕರಷ್ಟು ಕಡಿಮೆ. ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ವಾಲುವ ತಪ್ಪು ಕಣ್ಣಿನದ್ದಾಗಿರುವುದಿಲ್ಲ. ಅದರ ಹಿಂದೆ ಏನೋ ಒಂದು ನಿಯಮ ಇರುತ್ತದೆ. ಯಾವ ನಿಯಮ ಎಂಬುದು ಪಟ್ಟಿಯಿಂದ ಗೊತ್ತಾಗಲಿಲ್ಲ.

ಗೊತ್ತಾದದ್ದು ಅವರ ಮನೆಯಂಗಳದಲ್ಲಿ. ಕಾರ್ಕಳದ ಒಂದು ಊಟದ ಮನೆಗೆ ನೂರು ಬಂಗುಡೆ ಬೇಕಿತ್ತು. ಹರಿಣಾಕ್ಷಿ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದು ಕೈಯಲ್ಲಿ ಎರಡೆರಡು ಮೀನು ಹಿಡಿದು, ಒಟ್ಟಿಗೆ ನಾಲ್ಕನ್ನು ಪೆಟ್ಟಿಗೆಗೆ ಹಾಕುತ್ತ ಎಣಿಸಿದರು. ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲಿ ಸಾಗಿದ ಎಣಿಕೆ ಇಪ್ಪತ್ತೈದಕ್ಕೆ ನಿಂತಿತು. ಮತ್ತೆ, ಏನೂ ಹೇಳದೆ, ಇನ್ನೊಮ್ಮೆ ಎರಡೂ ಕೈ ತುಂಬಿ ಹಾಕಿ ಮುಚ್ಚಳ ಎಳೆದರು.

“ಅದು ಯಾವುದು?” ಎಂದೆ.

“ಯಾವುದು?”

“ಕಡೆಗೆ ಹಾಕಿದಿರಲ್ಲ, ಇಪ್ಪತ್ತಾರನೆಯದು.”

“ಇಪ್ಪತ್ತಾರು ಎಲ್ಲಿ ಉಂಟು ಟೀಚರೇ? ಇಪ್ಪತ್ತೈದೇ. ಮತ್ತಿನದ್ದು ಲೆಕ್ಕಕ್ಕೆ ಇಲ್ಲ, ಅದು ನೂರರ ಒಳಗೇ.”

“ಹಾಗಾದರೆ ಪೆಟ್ಟಿಗೆಯಲ್ಲಿ ಎಷ್ಟು ಮೀನು?”

“ನೂರು.”

“ಒಂದೊಂದಾಗಿ ಎಣಿಸಿದರೆ?”

ಹರಿಣಾಕ್ಷಿ ಮುಚ್ಚಳ ತೆಗೆದು ಪೆಟ್ಟಿಗೆಯನ್ನೇ ನೋಡಿದರು.

ಅವರ ತಾಯಿ ಎಣಿಸುತ್ತಿದ್ದದ್ದು ಹಾಗೆ. ನೂರರಲ್ಲಿ ನಾಲ್ಕಾದರೂ ಮೀನು ಕಾಗೆ ಕುಕ್ಕಿದ್ದೋ ಬಲೆಗೆ ಸಿಕ್ಕಿ ಹರಿದದ್ದೋ ಇರುತ್ತದೆ. ಕೊಂಡವನು ಅದನ್ನು ಹಿಡಿದುಕೊಂಡು ಜಗಳಕ್ಕೆ ವಾಪಸ್ಸು ಬರಬಾರದು. ಅದಕ್ಕೆ ನೂರಕ್ಕೆ ನಾಲ್ಕು, ಐವತ್ತಕ್ಕೆ ಎರಡು. ಮಗಳು ಆರನೆಯ ವಯಸ್ಸಿನಲ್ಲಿ ಕಲಿತದ್ದು ಅದೇ ನೂರನ್ನು. ಆ ಕಣ್ಣಿಗೆ ನೂರು ಎಂದರೆ ಅಷ್ಟು ಎತ್ತರದ ರಾಶಿ. ಈಗ ಎಲ್ಲ ಕಿಲೋ ಲೆಕ್ಕವಾಗಿರುವುದರಿಂದ ಆ ಕ್ರಮ ಕೆಲವು ಹಳಬರ ಕೈಯಲ್ಲಿ ಮಾತ್ರ ಉಳಿದಿದೆ.

“ಅಂದರೆ ಅವತ್ತು ಟಿವಿಯವರು ತಂದದ್ದು ನಮ್ಮ ಕಡೆಯ ನೂರು,” ಎಂದರು ನಿಧಾನವಾಗಿ. “ನಾನು ಸರಿ. ಅವರೂ ಸರಿ.” ಮತ್ತೆ, “ಇದನ್ನು ಆ ದೇವದಾಸನಿಗೆ ಹೇಳಿದರೆ ನಂಬುತ್ತಾನಾ? ಮೂವತ್ತೊಂದು ವರ್ಷ ಕೂತು ಒಂದು ನೆಪ ಹುಡುಕಿದರು ಎನ್ನುತ್ತಾನೆ. ತಪ್ಪಿದ್ದು ಟಿವಿಯಲ್ಲಿ. ಸರಿಯಾದದ್ದೂ ಟಿವಿಯಲ್ಲೇ ಕಾಣಬೇಕು,” ಎಂದರು.

ಅವಕಾಶ ದೂರವಿರಲಿಲ್ಲ. ಹೊಸ ‘ಕಣ್ಣಳತೆ’ಯವರು ಕರಾವಳಿ ವಿಶೇಷ ಕಂತನ್ನು ಉಡುಪಿಯ ಒಂದು ಸಭಾಂಗಣದಲ್ಲಿ ಚಿತ್ರೀಕರಿಸುವವರಿದ್ದರು. ಹಳೆಯ ಸ್ಪರ್ಧಿ ಎಂದು ಹರಿಣಾಕ್ಷಿಯ ಹೆಸರು ಸುಲಭವಾಗಿ ಆಯ್ಕೆಯಾಯಿತು. ನಮ್ಮನ್ನು ಕರೆದೊಯ್ದದ್ದು ದೇವದಾಸನ ರಿಕ್ಷಾ. “ತಮಾಷೆ ನೋಡಲಿಕ್ಕೆ ನಾನೂ ಒಳಗೆ ಬರುತ್ತೇನೆ, ಬಾಡಿಗೆ ಬೇಡ,” ಎಂದ.

ಕಟಪಾಡಿ ದಾಟುವಾಗ ಹರಿಣಾಕ್ಷಿ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: “ಯಾವುದು ಹೇಳುವುದು ಟೀಚರೇ? ಅಮ್ಮನ ಲೆಕ್ಕವಾ, ನಿಮ್ಮ ಲೆಕ್ಕವಾ?”

“ಅವರು ಕೇಳುವುದು ಎಷ್ಟು ಮೀನು ಎಂದು. ಎಷ್ಟು ಮೀನು ಉಂಟೋ ಅಷ್ಟು ಹೇಳಿ.”

ವೇದಿಕೆಯಲ್ಲಿ ಬುಟ್ಟಿ ಒಂದು ತಿರುಗುವ ಪೀಠದ ಮೇಲಿತ್ತು. ಸುತ್ತ ನೀಲಿ, ಕೆಂಪು ದೀಪ. ಹೊಸ ಆಟದಲ್ಲಿ ಎದುರಾಳಿಯಿಲ್ಲ. ಸರಿಯುತ್ತರಕ್ಕೂ ಸ್ಪರ್ಧಿಯ ಉತ್ತರಕ್ಕೂ ಎರಡಕ್ಕಿಂತ ಹೆಚ್ಚು ಅಂತರವಿದ್ದರೆ ಹೊರಗೆ. ಮಿನುಗುವ ಕೋಟು ತೊಟ್ಟ ನಿರೂಪಕ ಪ್ರಖ್ಯಾತ್ ಹರಿಣಾಕ್ಷಿಯ ಸೋಲಿನ ಕಥೆಯನ್ನು ಎಂಟು ನಿಮಿಷ ಹೇಳಿದ. ಆಮೇಲೆ ಒಂದು ನಿಮಿಷದ ಗಡಿಯಾರ ಓಡಿತು. ಬುಟ್ಟಿ ತಿರುಗಿತು. ಹರಿಣಾಕ್ಷಿ ಇಪ್ಪತ್ತು ಸೆಕೆಂಡು ಮಾತ್ರ ನೋಡಿ ಕೈ ಕಟ್ಟಿ ನಿಂತರು.

“ನೂರ ನಾಲ್ಕು.”

ಕರ್ಕಶವಾದ ಸದ್ದು ಮೊಳಗಿ ದೀಪಗಳೆಲ್ಲ ಕೆಂಪಾದವು. ಪರದೆಯ ಮೇಲೆ 100 ಎಂದು ಮೂಡಿತು. ಹಿಂದಿನ ಸಾಲಿನಲ್ಲಿ ದೇವದಾಸ ನಕ್ಕದ್ದು ನನಗೆ ಕೇಳಿಸಿತು.

“ಛೇ, ಮತ್ತೆ ಅದೇ ನಾಲ್ಕರ ವ್ಯತ್ಯಾಸ ಅಮ್ಮ. ಸರಿಯುತ್ತರ ನೂರು,” ಎಂದ ಪ್ರಖ್ಯಾತ್.

ಹರಿಣಾಕ್ಷಿ ಕದಲಲಿಲ್ಲ. “ಯಾರು ಎಣಿಸಿದ್ದು?”

“ಕಂಪ್ಯೂಟರಿನಲ್ಲಿದೆ ಅಮ್ಮ.”

“ಕಂಪ್ಯೂಟರಿಗೆ ಯಾರು ಹೇಳಿದ್ದು?”

ಪ್ರಖ್ಯಾತ್ ಬದಿಗೆ ನೋಡಿದ. ಕಾರ್ಯಕ್ರಮ ನೋಡಿಕೊಳ್ಳುವ ಚೈತಾಲಿ ಎಂಬ ಹುಡುಗಿ ಕಾಗದ ಹಿಡಿದು ಮೇಲೆ ಬಂದಳು. ಸಾಂಪ್ರದಾಯಿಕವಾಗಿರಲಿ ಎಂದು ಹೆಜಮಾಡಿಯ ದಡದಲ್ಲಿ ಒಬ್ಬರು ಅಜ್ಜಿಯಿಂದ ನೂರು ಮೀನು ಎಣಿಸಿಕೊಂಡೇ ತಂದಿದ್ದೇವೆ ಎಂದಳು.

“ಅಪ್ಪಿಯಾ? ಕುಳ್ಳಗಿನವರು, ಎಲೆ ಅಡಿಕೆ ಜಗಿಯುವವರು?”

“ಹೌದು, ಅಪ್ಪಿ ಅಂತಲೇ ಹೆಸರು.”

“ಅಪ್ಪಿ ಎಣಿಸಿದರು. ನೀವು ಎಣಿಸಿದಿರಾ?”

ಚೈತಾಲಿ ಕಾಗದ ನೋಡಿದಳು. ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹರಿಣಾಕ್ಷಿ ಸೆರಗು ಸಿಕ್ಕಿಸಿ, ಬುಟ್ಟಿಯನ್ನು ಪೀಠದಿಂದ ಇಳಿಸಿ, ಹೊಳೆಯುವ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ನಾಲ್ಕು ನಾಲ್ಕಾಗಿ ಹಾಕುತ್ತ ಗಟ್ಟಿಯಾಗಿ ಎಣಿಸಿದರು. ಈ ಸಲ ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ. ಹತ್ತು ದಾಟಿದ ಮೇಲೆ ಸಭೆಯಲ್ಲಿದ್ದವರೂ ಜೊತೆಗೆ ಎಣಿಸತೊಡಗಿದರು. ಇಪ್ಪತ್ತೈದಾಯಿತು. ಬುಟ್ಟಿಯ ತಳದಲ್ಲಿ ನಾಲ್ಕು ಬಂಗುಡೆ ಉಳಿದಿದ್ದವು. ಅವನ್ನು ಒಂದೊಂದಾಗಿ ಎತ್ತಿ ಚೈತಾಲಿಗೆ ತೋರಿಸಿ ಹಾಕಿದರು.

“ಅಪ್ಪಿ ಸುಳ್ಳು ಹೇಳಲಿಲ್ಲ. ಅವರ ನೂರು ಇಷ್ಟೇ. ಎಣಿಸಬೇಕಾದದ್ದು ನೀವು.”

ಸಭೆ ಚಪ್ಪಾಳೆ ತಟ್ಟಿತು. ಚೈತಾಲಿ ತಪ್ಪನ್ನು ಕೂಡಲೇ ಒಪ್ಪಿಕೊಂಡಳು, ಅದು ಅವಳ ಗುಣ. ಆದರೆ ಅವಳ ಪರಿಹಾರ ಬೇರೆ ಇತ್ತು. ಬುಟ್ಟಿಯನ್ನು ಮತ್ತೆ ಪೀಠದ ಮೇಲಿಡೋಣ, ಪರದೆಯ ಸಂಖ್ಯೆಯನ್ನು ತಿದ್ದುತ್ತೇವೆ, ನೀವು ನೂರ ನಾಲ್ಕು ಎಂದು ಇನ್ನೊಮ್ಮೆ ಹೇಳಿ, ಹಸಿರು ದೀಪ ಬರುತ್ತದೆ ಎಂದಳು.

“ಈಗ ಆದದ್ದು?”

“ಅದನ್ನು ತೆಗೆದುಬಿಡುತ್ತೇವೆ. ನೀವು ಗೆದ್ದಿದ್ದೀರಿ, ಅದನ್ನೇ ಎಲ್ಲರೂ ನೋಡುತ್ತಾರೆ.”

ಹರಿಣಾಕ್ಷಿ ಬಹಳ ಹೊತ್ತು ಕೈ ಒರೆಸಿಕೊಂಡರು. ಅವರು ಮೂವತ್ತೊಂದು ವರ್ಷದಿಂದ ಬೇಡಿದ್ದು ಅಲ್ಲಿಯೇ, ಒಂದು ಮಾತಿನ ದೂರದಲ್ಲಿತ್ತು. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಉತ್ತರ ಸಿಗುವ ಮೊದಲೇ ಅವರು ಮಾತಾಡಿದರು.

“ಎಣಿಸಿಯಾದ ಮೇಲೆ ಕಣ್ಣಳತೆ ಎಂತ ಕರ್ಮದ್ದು? ಈಗ ಹೇಳಿದರೆ ಅದು ಬಾಯಿಪಾಠ. ತೋರಿಸುವುದಾದರೆ ಆದದ್ದನ್ನು ಆದ ಹಾಗೆ ತೋರಿಸಿ.”

“ಹಾಗೆ ತೋರಿಸಲಿಕ್ಕೆ ಮೇಲಿನವರು ಬಿಡುವುದಿಲ್ಲ ಅಮ್ಮ. ನಿಮ್ಮ ಭಾಗವೇ ಬರಲಿಕ್ಕಿಲ್ಲ.”

“ಬಾರದಿದ್ದರೆ ಬೇಡ,” ಎಂದು ಮೆಟ್ಟಿಲಿಳಿದರು.

ಬರಲೂ ಇಲ್ಲ. ಮೂರು ವಾರದ ಮೇಲೆ ಪ್ರಸಾರವಾದ ಕರಾವಳಿ ವಿಶೇಷದಲ್ಲಿ ಕಾರ್ಕಳದ ಯುವಕನೊಬ್ಬ ಗೇರುಬೀಜದ ತೂಕ ಹೇಳಿ ಗೆದ್ದ. ಅವನ ಅಮ್ಮ ಅತ್ತರು.

ಆದರೆ ದೇವದಾಸ ಸಭೆಯಲ್ಲಿದ್ದನಲ್ಲ. ಎಣಿಸಿದವರಲ್ಲಿ ಅವನ ಸ್ವರವೂ ಇತ್ತು. ಅಂದು ವಾಪಸ್ಸು ಬರುವಾಗ ಪಾಂಗಾಳದಲ್ಲಿ ರಿಕ್ಷಾ ನಿಧಾನ ಮಾಡಿ, “ಅಕ್ಕ, ಹಾಗಾದರೆ ನನಗೆ ಹತ್ತು ಬೂತಾಯಿಗೆ ಒಂದು ಹೆಚ್ಚು ಬರಬೇಕಿತ್ತಲ್ಲ?” ಎಂದ. “ಹತ್ತಕ್ಕೆ ಇಲ್ಲ ಮಾರಾಯ. ಐವತ್ತು ತೆಗೆದುಕೊ, ಎರಡು ಕೊಡುತ್ತೇನೆ,” ಎಂದರು ಹರಿಣಾಕ್ಷಿ. ಆ ಸಲ ನಕ್ಕರು. ಈಗ ರಿಕ್ಷಾ ನಿಲ್ದಾಣದಲ್ಲಿ ಅವನು ಈ ಕಥೆಯನ್ನು ಹೇಳುವಾಗ ಬುಟ್ಟಿಯಲ್ಲಿ ಐನೂರು ಮೀನುಗಳಿರುತ್ತವೆ. ತಿದ್ದಲು ನೋಡಿದೆ, ಆಗಲಿಲ್ಲ.

ನನ್ನ ಪಟ್ಟಿಗೆ ಹರಿಣಾಕ್ಷಿಯ ಅಭಿಪ್ರಾಯ ಇನ್ನೂ ಸೇರಿರಲಿಲ್ಲ. ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಕಾಪುವಿಗೆ ಹೋಗಿ ಕೇಳಿದೆ.

“ಹಳೆಯದು ಒಳ್ಳೆಯದು,” ಎಂದರು, ಮೀನಿಗೆ ಐಸು ಹಾಕುತ್ತ.

“ಅದರಲ್ಲಿ ನೀವು ಸೋತಿರಿ.”

“ಸೋತೆ. ಅವತ್ತು ಕನ್ನಡಕದ ಒಬ್ಬರು ಅಂಗಿಯ ತೋಳು ಮಡಚಿ, ನಮ್ಮ ಎದುರೇ ಕೂತು ಒಂದೊಂದೇ ಮೀನು ಎತ್ತಿ ಎಣಿಸಿದರು. ಮೀನು ಮುಟ್ಟಿ ಅಭ್ಯಾಸ ಇಲ್ಲದವರು, ಮುಖ ಹುಳಿ ಮಾಡಿಕೊಂಡೇ ನೂರ ನಾಲ್ಕೂ ಎಣಿಸಿದರು. ಬರೆದುಕೊಳ್ಳಿ.”

ಬರೆದುಕೊಂಡೆ. ಇಪ್ಪತ್ತೈದು ಬಂಗುಡೆ ಕೊಟ್ಟರು. ಮನೆಗೆ ಹೋಗಿ ಎಣಿಸಿದೆ, ಇಪ್ಪತ್ತಾರಿತ್ತು.