ಹಲ್ಲಿ ಕೊಟ್ಟ ಸೆಕೆಂಡ್ ಒಪೀನಿಯನ್

ಲೊಚ್ ಲೊಚ್! ಪಕ್ಕದ ಮನೆ ಗೌರಕ್ಕನ ಗೋಡೆಯ ಹಲ್ಲಿಯ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಂದು ಎದೆ ಒತ್ತಿಕೊಂಡು ಕೂತಿದ್ದ ಗೌರಕ್ಕ, ನನ್ನ ಬೆಸ್ಟ್ ಫ್ರೆಂಡ್, “ಬರೇ ಗ್ಯಾಸ್ ರೀ” ಎನ್ನುವುದಕ್ಕೂ ಹಲ್ಲಿ ಲೊಚಗುಟ್ಟುವುದಕ್ಕೂ ಸರಿಹೋಯಿತು. ಬೆರಳಿಂದ ನೆಲ ತಟ್ಟಿ, “ನೋಡ್ರಿ ಮೇಡಂ, ಸತ್ಯ ನುಡೀತು!” ಎಂದು ನಕ್ಕಳು.

“ಹಲ್ಲಿ ಯಾವ ಕಾಲೇಜಿನಾಗ ಎಂಬಿಬಿಎಸ್ ಮಾಡೈತಿ? ಏಳು, ಹಗರಿಬೊಮ್ಮನಹಳ್ಳಿಗೆ ಹೋಗಿ ಇಸಿಜಿ ಮಾಡ್ಸೋಣ” ಎಂದೆ.

“ಕಾನ್ವೆಂಟಿನಾಗ ಓದಿದೋರಿಗೆ ಇದೆಲ್ಲ ತಿಳಿಯಂಗಿಲ್ಲ ಬಿಡ್ರಿ” ಎಂದವಳು ಸೋಡಾ ಕುಡಿದು ಮಲಗಿದಳು. ಮತ್ತೆ ಏಳಲಿಲ್ಲ.

ಮರುದಿನ ಅವಳ ಪಡಸಾಲೆಯಲ್ಲಿ ಹಿರಿಯರೊಬ್ಬರು, “ಆಕಿ ಆಯುಷ್ಯನ ಅಷ್ಟಿತ್ತು” ಎಂದರು. ಲೊಚ್ ಲೊಚ್! ನೆರೆದವರೆಲ್ಲ ಭಕ್ತಿಯಿಂದ ನೆಲ ತಟ್ಟಿದರು. ನಾನವಳನ್ನು ಕೊನೆಯ ಸಲ ನೋಡಿದ್ದು ಆಗಲೇ. ನೆಲ ತಟ್ಟದೆ ಕೂತವರು ಇಬ್ಬರೇ: ನಾನು, ಮತ್ತು ಹೂಮಾಲೆ ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ದ ಗೌರಕ್ಕ.