ಹಿಲ್ಡಾಳ ಮೂರನೇ ಒಂದು ಪಾಲು

ಶಿರ್ವದ ಹಿಲ್ಡಾ ಗಲ್ಫಿನ ಘಾಲಾದ ಗ್ಯಾರೇಜೊಂದರಲ್ಲಿ ಬಿಲ್ ಬರೆಯಲು ಕುಳಿತು ಇಪ್ಪತ್ತಾರು ವರ್ಷಗಳಾದವು. ಕ್ಲಚ್ ರಿಪೇರಿಗೆಂದು ಕಾರು ತಂದ ಇಯಾನ್ ಅವಳಿಗೆ ಪರಿಚಯವಾದದ್ದು ಅಲ್ಲೇ. ಸ್ಕಾಟ್ಲೆಂಡಿನ ಅಬರ್ಡೀನಿನವನು, ಪಂಪ್ ಇಂಜಿನಿಯರ್. ಮೊದಲ ಹೆಂಡತಿ ತೀರಿಕೊಂಡಿದ್ದಳು; ಮಗ ಡಂಕನ್ ಊರಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ. ಘಾಲಾಕ್ಕೆ ಹತ್ತಿರದ ರೂವಿಯ ಇಗರ್ಜಿಯಲ್ಲಿ ಅವರ ಮದುವೆಯಾಯಿತು, ಹೇಝಲ್ ಹುಟ್ಟಿದಳು. ಕೆಲಸ ಮುಗಿದ ಮೇಲೆ ಅಬರ್ಡೀನಿಗೇ ಹೋಗಿ ನೆಲೆಸುವುದೆಂದು ಇಯಾನ್ ಹೇಳುತ್ತಲೇ ಇದ್ದ.

ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ; ಗಲ್ಫಿನಲ್ಲೇ ಮಣ್ಣಾದ.

ನಾಲ್ಕು ತಿಂಗಳಿಗೆ ಅಬರ್ಡೀನಿನ ವಕೀಲರ ಪತ್ರ ಬಂತು. ಮದುವೆಗೆ ಮೊದಲೇ ಇಯಾನ್ ಬರೆದಿಟ್ಟ ಉಯಿಲಿನಲ್ಲಿ ಮನೆ, ಉಳಿತಾಯ ಎಲ್ಲವೂ ಡಂಕನ್‌ಗೆ. ಅಲ್ಲಿನ ಕಾನೂನಿನಲ್ಲಿ ಮದುವೆಯಾದ ಮಾತ್ರಕ್ಕೆ ಹಳೆಯ ಉಯಿಲು ಬಿದ್ದುಹೋಗುವುದಿಲ್ಲ. ಹಿಲ್ಡಾಳಿಗೆ ಚುಚ್ಚಿದ್ದು ಆಸ್ತಿಯಲ್ಲ. ಇಷ್ಟು ವರ್ಷ ಒಟ್ಟಿಗೆ ಉಂಡವನಿಗೆ ತನ್ನ ಹೆಸರು ಸೇರಿಸಲು ಪುರುಸೊತ್ತಾಗಲಿಲ್ಲವಲ್ಲ ಎಂಬುದು. ಮುಂದಿನ ಪುಟವನ್ನು ಅವಳು ಓದಲೇ ಇಲ್ಲ. ಜೊತೆಗಿದ್ದ ಎರಡು ಫಾರಂಗಳಲ್ಲಿ 'ನನಗೇನೂ ಬೇಡ' ಎನ್ನುವುದನ್ನು ಆರಿಸಿ ಆಫೀಸಿಗೆ ತಂದಳು, ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸೋಣವೆಂದು.

ಪಕ್ಕದ ಮೇಜಿನ ಬಸವಕುಮಾರ ಬಾಗಲಕೋಟೆಯವನು, ಲೆಕ್ಕಪತ್ರ ನೋಡುವವನು. ಅವಳ ಮುಖ ಕಂಡು ಪತ್ರ ಕೇಳಿ ಪಡೆದು, ಕೊನೆಯ ಸಾಲಿನವರೆಗೂ ಓದಿದ.

"ಅಕ್ಕಾರ, ಇದಕ್ಕ ಸಹಿ ಹಾಕಬ್ಯಾಡ್ರಿ. ಉಯಿಲಿನಾಗ ಏನರ ಇರಲಿ, ರೊಕ್ಕ-ಶೇರಿನಂಥಾದ್ರಾಗ ಮೂರನೇ ಒಂದು ಪಾಲು ಹೆಂಡ್ತಿದು, ಇನ್ನೊಂದು ಪಾಲು ಮಕ್ಕಳೆಲ್ಲಾರದು ಅಂತ ಬರದಾರ. ಮನಿ ಮಾತ್ರ ಇದರಾಗ ಬರಂಗಿಲ್ಲ."

"ಅವರು ಕೊಡದಿದ್ದದ್ದನ್ನು ನಾನು ಕೇಳಿ ತಕೊಳ್ಳುವುದು ಹೇಗೆ ಮಾರಾಯ?"

"ಕೇಳೂದು ಎಲ್ಲಿ ಬಂತ್ರಿ? ಹಕ್ಕು ಅಂದಾರ. ಯಾರೂ ಕೊಡೂದಲ್ಲ, ಇದ್ದದ್ದ ಅದು."

ಆ ಮಾತು ಹಿಲ್ಡಾಳ ತಲೆಯಲ್ಲಿ ಕುಳಿತುಬಿಟ್ಟಿತು. ವೀಸಾಕ್ಕೆ ಜಾಮೀನು ನಿಂತ ಕಫೀಲನ ದಯೆ, ರಜೆಗೆ ಮ್ಯಾನೇಜರನ ದಯೆ. ತನ್ನದು ಎನ್ನುವುದನ್ನು ಯಾರನ್ನೂ ಬೇಡದೆ ಪಡೆದದ್ದು ಅವಳಿಗೆ ನೆನಪಿರಲಿಲ್ಲ. ಫಾರಂ ಚೀಲಕ್ಕೆ ಹೋಯಿತು. ಇಪ್ಪತ್ತು ವರ್ಷದವರೆಗೆ ಸಮಯವಿದೆ ಎಂದೂ ಪತ್ರದಲ್ಲಿತ್ತು.

ಸೀಬ್‌ನ ಮನೆಗೆ ಬಂದು ಪಾಲಿನ ಮಾತೆತ್ತಿದರೆ ಹೇಝಲ್ ಮಾತ್ರ ಒಪ್ಪಲಿಲ್ಲ. ಡ್ಯಾಡಿ ಕೊಡದಿದ್ದದ್ದು ತನಗೂ ಬೇಡವೆಂದಳು, ಇಂಗ್ಲಿಷಿನಲ್ಲೇ, ಬೆನ್ನು ತಿರುಗಿಸಿ. ಹಿಲ್ಡಾ ಗದರಲಿಲ್ಲ.

"ಡ್ಯಾಡಿ ಮರೆತದ್ದು ಹೌದು ಮಗಾ. ಅವರ ಊರಿನ ಕಾನೂನು ನಿನ್ನನ್ನು ಮರೀಲಿಲ್ಲ. ನೀನು ಅವರ ಮಗಳು ಅಂತ ಅದರಲ್ಲಿ ಬರೆದಿದೆ, ನೋಡು."

ಹೇಝಲ್ ಪತ್ರ ತೆಗೆದುಕೊಂಡು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ಅಮ್ಮನ ಪಕ್ಕ ಕುಳಿತಳು.

ಪಾಲು ಬೇಕೆನ್ನುವ ಇಬ್ಬರ ಫಾರಂಗಳೂ ಹೋಗಿ ವಾರಕ್ಕೆ ಡಂಕನ್ ಫೋನ್ ಮಾಡಿದ. ಜಗಳಕ್ಕೇ ಇರಬೇಕೆಂದು ಹಿಲ್ಡಾ ನಿಂತೇ ಮಾತಾಡಿದಳು. ಅವನಿಗೋ ಸಮಾಧಾನವಾಗಿತ್ತು. ಉಯಿಲು ತಿದ್ದಬೇಕೆಂದು ಅಪ್ಪ ಪ್ರತಿ ಕ್ರಿಸ್‌ಮಸ್‌ಗೂ ತನ್ನ ಹತ್ತಿರ ಹೇಳುತ್ತಿದ್ದ, ನೀವಿಬ್ಬರೂ ಬೇಡವೆಂದು ಬರೆದುಬಿಡುತ್ತೀರೇನೋ ಎಂದು ಹೆದರಿದ್ದೆ ಎಂದ. ಆಮೇಲೆ, ತಂಗಿಯ ಹತ್ತಿರ ಮಾತಾಡಬಹುದೇ ಎಂದು ಕೇಳಿದ.

ಹಿಲ್ಡಾ ಫೋನನ್ನು ಹೇಝಲ್ ಕೈಗೆ ಕೊಟ್ಟು ಕುರ್ಚಿ ಎಳೆದುಕೊಂಡು ಕುಳಿತಳು. ನವೆಂಬರಿನಲ್ಲಿ ಅಪ್ಪನ ಸಮಾಧಿ ನೋಡಲು ಬರುತ್ತೇನೆಂದ ಅಣ್ಣನಿಗೆ ಯಾವ ಕೋಣೆ ಕೊಡುವುದೆಂದು ಅಷ್ಟರಲ್ಲೇ ಮಗಳು ಅವನ ಜೊತೆ ಚರ್ಚೆಗಿಳಿದಿದ್ದಳು.