ಗ್ಯಾರೇಜಿಗೆ ಹೋದ ಬಕೆಟ್ಟು

ಊಟದ ಮೇಜಿನ ಮೇಲೆ, ಸೀಲಿಂಗಿನಲ್ಲಿ ಹಳದಿ ಕಲೆ ಕಾಣಿಸಿಕೊಂಡಾಗ ನಮ್ಮ ಯಜಮಾನರು ಒಂದು ಕ್ಷಣವೂ ಯೋಚಿಸಲಿಲ್ಲ. ಮಹಡಿಯಲ್ಲಿ ಸರಿಯಾಗಿ ಅದೇ ಜಾಗಕ್ಕೆ ಬಾತ್‌ರೂಮು. ಹುಬ್ಬಳ್ಳಿಯಿಂದ ಅಮೆರಿಕದ ನಮ್ಮ ಮನೆಗೆ ಬಂದಿದ್ದ ಅತ್ತೆ ಅಲ್ಲಿ ಟಬ್ಬಿನೊಳಗೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಬಕೆಟ್ಟು ತುಂಬಿಸಿ, ಚೊಂಬಿನಿಂದ ನೀರು ಹುಯ್ದುಕೊಳ್ಳುತ್ತಿದ್ದರು. ತೀರ್ಪು ಸಿದ್ಧವಾಯಿತು.

"ಅವ್ವಾ, ಇಲ್ಲಿ ಕಟಗಿ ನೆಲ, ಅದಕ್ಕ ನೀರು ಬೀಳಬಾರ್ದು. ಶವರಿನ ಕೆಳಗ ನಿಂತು ಜಳಕಾ ಮಾಡು," ಎಂದವರೇ ಬಕೆಟ್ಟನ್ನು ಗ್ಯಾರೇಜಿಗೆ ಸಾಗಿಸಿದರು.

"ನಾ ಒಂದ ಹನಿನೂ ಹೊರಗ ಚೆಲ್ಲಿಲ್ಲೋ," ಎಂದರು ಅತ್ತೆ. ಮಗ ಆಗಲೇ ಮೀಟಿಂಗಿನಲ್ಲಿದ್ದರು.

ಮಂಡಿನೋವಿನ ಹೆಂಗಸು. ಕೂತು ಮಿಂದರೆ ನೀರು ಹೊರಗೆ ಚಿಮ್ಮೀತೆಂಬ ಅಂಜಿಕೆ, ಜಾರುವ ಟಬ್ಬಿನಲ್ಲಿ ಗೋಡೆ ಹಿಡಿದು ನಿಲ್ಲಬೇಕು. ಸ್ನಾನ ಮುಗಿಸಿ ಬರುವಾಗ ಮುಖ ಇಷ್ಟೇ ಇಷ್ಟಾಗಿರುತ್ತಿತ್ತು. ಕೊನೆಗೊಂದು ದಿನ, "ನನ್ನ ಟಿಕೀಟು ಲಗೂನ ಮಾಡ್ಸಪಾ, ಊರಿಗೆ ಹೋಗ್ತೀನಿ," ಎಂದುಬಿಟ್ಟರು. 

ಇತ್ತ ಚಪಾತಿಯಷ್ಟಿದ್ದ ಕಲೆ ಜೋಳದ ರೊಟ್ಟಿಯಷ್ಟಾಗಿತ್ತು.

"ಅಲ್ರೀ, ಬಕೆಟ್ಟು ಗ್ಯಾರೇಜಲ್ಲಿದೆ. ಕಲೆ ಯಾಕ್ರೀ ಬೆಳೀತಿದೆ?"

"ಹಳೇ ನೀರು ಕಣೇ, ಡ್ರೈ ಆಗೋಕೆ ಟೈಮ್ ಬೇಕು."

ಅಬ್ಬಬ್ಬಾ! ಮಿಲ್ಪಿಟಾಸಿನ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಚಿಪ್ಪುಗಳ ದೋಷ ಹುಡುಕುವ ಮನುಷ್ಯ, ಮನೆಯಲ್ಲಿ ಪರೀಕ್ಷೆಯೇ ಇಲ್ಲದೆ ಫಲಿತಾಂಶ ಹೇಳುತ್ತಿದ್ದರು. ಟಿಕೆಟ್ಟು ಬದಲಾಗುವ ಮೊದಲು ಈ ಸೋರಿಕೆಯನ್ನು ಹಿಡಿದೇ ತೀರಬೇಕೆಂದು ನಾನು ಹಟಕ್ಕೆ ಬಿದ್ದೆ.

ಶನಿವಾರ ಅವರು ಮಗಳನ್ನು ಸ್ವಿಮ್ಮಿಂಗಿಗೆ ಕರೆದೊಯ್ದರು. ಶವರಿನ ಗೋಡೆಯ ಇನ್ನೊಂದು ಮಗ್ಗುಲು ನಮ್ಮ ಬಟ್ಟೆಯ ಕ್ಲಾಸೆಟ್ಟು. ಸೀರೆಗಳನ್ನೆಲ್ಲ ಮಂಚದ ಮೇಲೆ ಹಾಕಿ, ಜಿಪ್ಸಮ್ ಹಲಗೆಯ ಗೋಡೆಯನ್ನು ಕೈಗರಗಸದಿಂದ ಚೌಕಾಕಾರವಾಗಿ ಕೊಯ್ದೆ.

"ಅಯ್ಯ, ಗೋಡಿ ಒಡದ್ಯೇನವ್ವಾ!" ಅತ್ತೆ ಬಾಯಿಗೆ ಸೆರಗು ಹಿಡಿದರು.

"ಒಡೆದೆ ಅತ್ತೆ. ನೀವು ಟಬ್ಬಿನ ನಲ್ಲಿ ಬಿಡಿ."

ಟಾರ್ಚು ಹಿಡಿದು ನೋಡಿದೆ. ಒಳಗೆಲ್ಲ ಒಣ ಒಣ. "ಈಗ ಶವರು ಬಿಡಿ," ಎಂದೆ. ಶವರಿನ ಪೈಪು ಗೋಡೆಯೊಳಗೆ ಸೇರುವ ಜೋಡಣೆಯಲ್ಲಿ ಹನಿ ಮೂಡಿತು, ಜಾರಿತು, ಇನ್ನೊಂದು ಮೂಡಿತು.

ನನಗೆ ಎಲ್ಲವೂ ಅರ್ಥವಾಯಿತು. ಊರಿಂದ ಹಿರಿಯರು ಬರುತ್ತಾರೆಂದರೆ ಇಲ್ಲಿ ನಮ್ಮವರೆಲ್ಲ ಮೊದಲು ಹ್ಯಾಂಡ್ ಶವರು ಹಾಕಿಸುತ್ತಾರೆ. ನಮ್ಮ ಯಜಮಾನರು ಅದನ್ನು ತಾವೇ ಸ್ಪ್ಯಾನರು ಹಿಡಿದು ಕೂಡಿಸಿದ್ದರು. ಹಳೆಯದನ್ನು ಬಿಚ್ಚುವ ಭರದಲ್ಲಿ ಗೋಡೆಯೊಳಗಿನ ಜೋಡಣೆಯನ್ನೂ ಸಡಿಲ ಮಾಡಿದ್ದರು. ಅತ್ತೆಯ ಬಕೆಟ್ಟು ತುಂಬುತ್ತಿದ್ದದ್ದು ಕೆಳಗಿನ ನಲ್ಲಿಯಿಂದ. ಇಡೀ ಮನೆಯಲ್ಲಿ ಸೋರದಂತೆ ಸ್ನಾನ ಮಾಡುತ್ತಿದ್ದವರು ಅವರೊಬ್ಬರೇ!

ಶವರು ನಿಲ್ಲಿಸಿ, ಪೈಪು ಬಿಚ್ಚಿ, ಅದರ ತಿರುಪಿನ ಗೆರೆಗಳಿಗೆ ಅಂಟಿದ್ದ ಹಳೇ ಟೇಪನ್ನು ಉಗುರಿನಿಂದ ಕೆರೆದು, ಸೋರಿಕೆ ತಡೆಯುವ ಹೊಸ ಬಿಳಿ ಟೇಪು ಸುತ್ತಿದೆ. ಮೊದಲ ಸಲ ಉಲ್ಟಾ ಸುತ್ತಿದ್ದೆ. ತಿರುಗಿಸಿದ ಹಾಗೆಲ್ಲ ಬಿಚ್ಚಿಕೊಂಡು ಬಂತು. "ಹಾಳಾಗಿ ಹೋಗಲಿ!" ಎಂದು ಬೈದು ಮತ್ತೆ ಸುತ್ತಿ ಬಿಗಿ ಮಾಡಿದೆ. ಕೆಳಗೆ ಪೇಪರ್ ಟವೆಲು ಹಾಸಿ ಶವರು ಬಿಟ್ಟೆವು. ಅತ್ತೆ ಬಗ್ಗಿ ಮುಟ್ಟಿ ನೋಡಿದರು. "ಹಸಿ ಇಲ್ಲವ್ವಾ," ಎಂದರು.

ಯಜಮಾನರು ಬಂದಾಗ ಗೋಡೆಯ ತೂತು ತೋರಿಸಿ ಎಲ್ಲ ಹೇಳಿದೆ. ಅವರು ಟಾರ್ಚು ಹಿಡಿದು ಒಳಗೆ ಇಣುಕಿದರು. ಆಮೇಲೆ ತಾವೇ ಇಳಿದು ಹೋಗಿ ಬಕೆಟ್ಟು ತಂದರು.

"ಅವ್ವಾ, ಪೈಪು ಸಡಲ ಮಾಡಿದಾಂವ ನಾನಽ. ತಪ್ಪಾತು."

"ಪೈಪಿಂದೇನೋ, ರಿಪೇರಿ ಆತು," ಎಂದರು ಅತ್ತೆ. "ಚೆಲ್ಲಿಲ್ಲ ಅಂತ ನಾ ಹೇಳಿದ್ನಲ್ಲಪಾ. ಗೋಡಿ ಕೊಯ್ದ ಮ್ಯಾಲೇನ ನಂಬಬೇಕಿತ್ತೇನು ನನ್ನ?"

 ಅತ್ತೆ ಮಗನ ಕೈಯಿಂದ ಬಕೆಟ್ಟು ತೆಗೆದುಕೊಂಡು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಚೊಂಬಿನ ಸದ್ದು ನಿಲ್ಲುವವರೆಗೂ ಮಗ ಆ ಬಾಗಿಲ ಹೊರಗೇ ನಿಂತಿದ್ದರು.